ನಮ್ಮೂರಿಗೆ ಬಂದ ನಲವತ್ತೊಂದು ಸೊನ್ನೆಗಳ ಕುರಿತು

ರಾಷ್ಟ್ರೀಯ ಮನೋವೈದ್ಯ ಮಂಡಳಿಯ ಅಧ್ಯಕ್ಷರಿಗೆ,

ಮಾನ್ಯರೇ,

ದೇವರ ಶಾಂತಿಯೂ ಕರುಣೆಯೂ ತಮ್ಮ ಮೇಲೆ, ತಮ್ಮ ಮನೆಮಂದಿಯ ಮೇಲೆ, ರಾಜಧಾನಿಯ ತಮ್ಮ ಕಚೇರಿಯ ಮೂರೂ ಮಹಡಿಗಳ ಮೇಲೆ ಇರಲಿ ಎಂದು ಬೇಡಿಕೊಂಡು, ಐನ್ ತೂತ ಗ್ರಾಮದ, ಆರನೇ ತರಗತಿ ಓದಿದ ಸಾಲ್ಹಾ ಬರೆದುಕೊಳ್ಳುವುದೇನೆಂದರೆ:

ತಮ್ಮ ಪತ್ರ ತಲುಪಿತು. ತಮ್ಮ ಸಮೀಕ್ಷೆಯ ಪ್ರಕಾರ ದೇಶದಲ್ಲಿ ನಮ್ಮಷ್ಟು ನೆಮ್ಮದಿಯ ಹೆಂಗಸರು ಬೇರೆಲ್ಲೂ ಇಲ್ಲವೆಂದೂ, ಆದ್ದರಿಂದ ಪ್ರತಿ ಗುರುವಾರ ನಮ್ಮ ದವಾಖಾನೆಗೆ ಬರುವ ಡಾಕ್ಟರಮ್ಮನನ್ನು ಮುಂದಿನ ತಿಂಗಳಿಂದ ದುಃಖ ಜಾಸ್ತಿಯಿರುವ ಊರಿಗೆ ಕಳಿಸುವಿರೆಂದೂ ಓದಿ, ನಾವೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು.

ತಮ್ಮ ಕೆಲಸವನ್ನು ನಾನು ಹಗುರವಾಗಿ ಕಾಣುವವಳಲ್ಲ. ನಮ್ಮ ಇಮಾಮರನ್ನು ತರಬೇತಿಗೆ ಕರೆದವರು ತಾವೇ. ಅವರು ಮರಳಿ ಬಂದು, ಮನಸ್ಸಿನ ಕಾಯಿಲೆಗೆ ಔಷಧ ತೆಗೆದುಕೊಂಡರೆ ನಂಬಿಕೆಯೇನೂ ಸವೆಯುವುದಿಲ್ಲ ಎಂದು ಶುಕ್ರವಾರದ ಪ್ರವಚನದಲ್ಲಿ ಹೇಳಿದ ಮೇಲೆ ತಾನೇ ನನ್ನ ತಂಗಿ ಮನ್ನೂಬಿಯಾ ಹೊಸ್ತಿಲು ದಾಟಿದ್ದು? ಗಂಡ ತೀರಿದ ಮೇಲೆ ಎರಡು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದವಳು, ಡಾಕ್ಟರಮ್ಮನ ಹತ್ತನೇ ಗುರುವಾರಕ್ಕೆ ಎದ್ದು ಹಿಟ್ಟು ನಾದಿದಳು, ಉಪ್ಪು ಜಾಸ್ತಿ ಹಾಕಿದೆಯೆಂದು ನನ್ನನ್ನು ಬೈದಳು. ಆ ಬೈಗುಳಕ್ಕಾಗಿ ನಾನು ಎರಡು ರಕಾತ್ ನಮಾಜು ಹೆಚ್ಚಿಗೆ ಮಾಡಿದ್ದೇನೆ.

ಇನ್ನು ಸಮೀಕ್ಷೆಯ ವಿಷಯ. ತಾವು ಕಳಿಸಿದ ಇನ್ಸಾಫ್ ಒಳ್ಳೆಯ ಮನೆಯ ಹುಡುಗಿ. ರೊಟ್ಟಿ ಒಲೆಯ ಸುತ್ತ ನಮ್ಮನ್ನು ಕೂರಿಸಿ, "ಟೀ ಬೇಡ ಚಿಕ್ಕಮ್ಮ, ಬಸ್ ತಪ್ಪುತ್ತೆ" ಎಂದು ಕಾಗದ ತೆಗೆದಳು. ತೊಂದರೆಯಿಲ್ಲದವರಿಗೆ ಸೊನ್ನೆ, ಬಹಳ ಇದ್ದವರಿಗೆ ಮೂರು. "ಎರಡು ವಾರದಿಂದ ಬೇಜಾರೇನಾದ್ರೂ ಇತ್ತಾ?" ಎಂದು ಕೇಳಿದ್ದಕ್ಕೆ, ಹಿಂದಿನ ವಾರವಷ್ಟೇ ಮನೆಯ ಸೂರು ಕುಸಿದಿದ್ದ ಝೊಹ್ರಾ, "ಅಲ್ಹಮ್ದುಲಿಲ್ಲಾ ಮಗಳೇ, ದೇವರು ಚೆನ್ನಾಗಿಟ್ಟಿದಾನೆ" ಎಂದಳು. "ಬದುಕೇ ಸಾಕು ಅನ್ಸುತ್ತಾ?" ಎಂದು ಮನ್ನೂಬಿಯಾಳನ್ನು ಕೇಳಿದರೆ ಅವಳದೂ ಅಲ್ಹಮ್ದುಲಿಲ್ಲಾ. ನಾನು ಪಕ್ಕೆಗೆ ತಿವಿದು, "ಲೇ, ನಿಜ ಹೇಳೇ" ಎಂದೆ. "ಗುರುತಿಲ್ಲದೋರ ಮುಂದೆ ದೇವರ ಮೇಲೆ ಚಾಡಿ ಹೇಳ್ಲೇನೇ?" ಎಂದು ನನಗೇ ಗದರಿದಳು. ಇನ್ಸಾಫ್ ಸೊನ್ನೆ ಬರೆದುಕೊಂಡಳು. ನನ್ನ ಸರದಿ ಬಂದಾಗ ನಾನೂ ಅದನ್ನೇ ಹೇಳಿದೆ. ಸುಳ್ಳು ಬರೆಯಲು ಕೂತಿಲ್ಲ. ಹೀಗೆ ಒಲೆಯ ಸುತ್ತ ಕೂತ ನಲವತ್ತೊಂದು ಹೆಂಗಸರಿಗೂ ಸೊನ್ನೆಯೇ ಬಿತ್ತು.

ಮಾನ್ಯರೇ, ನಮ್ಮಲ್ಲಿ ಮೊದಲ ಲೋಟ ಟೀಗೆ ದೇವರ ಸ್ತುತಿ ಬರುತ್ತದೆ, ಎರಡನೆಯದಕ್ಕೆ ಮೊಣಕಾಲು ನೋವು ಬರುತ್ತದೆ, ಎದೆಯೊಳಗಿನದು ಹೊರಡುವುದು ಮೂರನೆಯದಕ್ಕೇ. ಡಾಕ್ಟರಮ್ಮ ಇದನ್ನು ಒಂದೇ ತಿಂಗಳಲ್ಲಿ ಕಲಿತರು. ಅವರಿಗೆ ಈಗ ಸಕ್ಕರೆ ಕಾಯಿಲೆಯ ಸೂಚನೆ ಇದೆಯಂತೆ, ಅದಕ್ಕೆ ಊರಿನ ಪರವಾಗಿ ಕ್ಷಮೆ ಕೋರುತ್ತೇನೆ.

ಆದ್ದರಿಂದ ತಾವು ದಯಮಾಡಿ ಪ್ರಶ್ನೆಪತ್ರಿಕೆಯಲ್ಲಿ ಪ್ರತಿ ಪ್ರಶ್ನೆಯ ಕೆಳಗೂ ಮೂರು ಲೋಟ ಇಡುವಷ್ಟು ಜಾಗ ಬಿಡಿಸಬೇಕು, ಬಸ್ಸಿನವರಿಗೆ ನಮ್ಮ ದುಃಖ ಮುಗಿಯುವ ತನಕ ಕಾಯಲು ಆಜ್ಞೆ ಮಾಡಬೇಕು, ಡಾಕ್ಟರಮ್ಮನನ್ನು ಅವರ ಕುರ್ಚಿಯಲ್ಲೇ ಬಿಡಬೇಕು. ಇದ್ಯಾವುದೂ ಆಗದಿದ್ದರೆ ಆ ನಲವತ್ತೊಂದು ಸೊನ್ನೆಗಳನ್ನಾದರೂ ದುಂಡಗೆ ಕತ್ತರಿಸಿ ಕಳಿಸಿಕೊಡಬೇಕು. ನೋಡಲು ಮಾತ್ರೆಯ ಹಾಗೇ ಇವೆ; ಬೆಳಿಗ್ಗೆ ಒಂದು, ಸಂಜೆ ಒಂದು ಮನ್ನೂಬಿಯಾಳಿಗೆ ನುಂಗಿಸಿ ನೋಡುತ್ತೇವೆ.

ತಮ್ಮ ಆಯುಸ್ಸಿಗಾಗಿ ಪ್ರಾರ್ಥಿಸುವ,
ತಮ್ಮ ವಿಶ್ವಾಸಿ,
ಸಾಲ್ಹಾ

ಮರೆತ ಮಾತು: ಈ ನಿರ್ಧಾರದಿಂದ ಯಾರಿಗಾದರೂ ತೊಂದರೆಯಾಗುವುದೇ ಎಂದು ತಮ್ಮ ಪತ್ರದ ಕೊನೆಯಲ್ಲಿ ಕೇಳಿದ್ದೀರಿ. ತಂಗಿಯನ್ನು ಕೇಳಿದೆ. "ಅಲ್ಹಮ್ದುಲಿಲ್ಲಾ" ಎಂದಳು, ಆಮೇಲೆ ಗೋಡೆಯ ಕಡೆ ನೋಡಿದಳು. ಒಲೆಯ ಮೇಲೆ ಟೀ ಇಟ್ಟಿದ್ದೇನೆ. ಮೂರನೇ ಲೋಟದ ಉತ್ತರ ಬೇಕಾದರೆ ತಾವೇ ಗುರುವಾರ ಬನ್ನಿ, ಬರುವಾಗ ಡಾಕ್ಟರಮ್ಮನನ್ನೂ ಕರೆತನ್ನಿ. ನಮ್ಮ ತಂಗಿಗೆ ತಮ್ಮ ಗುರುತಿಲ್ಲ.