ತಗಡಿನ ಸಲುವಾಗಿ ಒಂದು ಊಟ

ಕನ್ನಡ ಸಂಘದ ಸಭೆಯಲ್ಲಿ ಗುರುಸಿದ್ದಪ್ಪ ಆಡಿದ್ದು ಒಂದೇ ಮಾತು. "ಹೋದ ವರ್ಷದ ಊಟದಾಗ ಎಣ್ಣಿಗಾಯಿಗೆ ಉಪ್ಪು ಭಾಳ ಆಗಿತ್ರಿ."

ಹೋದ ವರ್ಷ ಊಟ ಮಾಡಿಸಿದವರು ಕಾರ್ಯದರ್ಶಿ ನರಸಿಂಹರಾಯರು. ಅವರು ಕನ್ನಡಕ ತೆಗೆದು ಒರೆಸಿ, ಮತ್ತೆ ಮೂಗಿಗೇರಿಸಿ, "ಹಂಗಾದ್ರ ಈ ವರ್ಷ ನೀವ ಮಾಡಸ್ರಿ" ಎಂದರು. ಸಭೆ ಚಪ್ಪಾಳೆ ತಟ್ಟಿಬಿಟ್ಟಿತು. ಬಾಲಾನಗರದ ಕಾರ್ಖಾನೆಯೊಂದರಲ್ಲಿ ಸ್ಟೋರ್ಸ್ ಗುಮಾಸ್ತನಾಗಿದ್ದ ಗುರುಸಿದ್ದಪ್ಪನಿಗೆ ನಟ್ಟು ಬೋಲ್ಟಿನ ಲೆಕ್ಕ ಗೊತ್ತಿತ್ತೇ ಹೊರತು ಬದನೆಕಾಯಿಯದಲ್ಲ.

ಊಟದ ಉದ್ದೇಶವೇನೋ ಒಳ್ಳೆಯದೇ. ಯಾದಗಿರಿ ಕಡೆಯಿಂದ ಕಟ್ಟಡದ ಕೆಲಸ ಹುಡುಕಿಕೊಂಡು ಈ ತೆಲುಗು ನಾಡಿಗೆ ಬಂದಿದ್ದ ಹತ್ತಾರು ಸಂಸಾರಗಳು ಲಿಂಗಂಪಲ್ಲಿ ಸ್ಟೇಷನ್ನಿನ ಹಿಂದೆ ಗುಡಿಸಲು ಹಾಕಿಕೊಂಡಿದ್ದವು. ಮಳೆಗಾಲದೊಳಗೆ ಆ ಗುಡಿಸಲುಗಳಿಗೆ ತಗಡು ಹೊದಿಸಬೇಕು, ಅದಕ್ಕಾಗಿ ಭಾನುವಾರ ಮಧ್ಯಾಹ್ನ ಊಟ ಹಾಕಿ ಉಂಡವರಿಂದ ಚಂದಾ ಎತ್ತಬೇಕು ಎಂದು ಸಂಘ ತೀರ್ಮಾನಿಸಿತ್ತು. ಮುಖ್ಯ ಅತಿಥಿ ಬೇಗಂ ಬಜಾರಿನ ತಗಡಿನ ವ್ಯಾಪಾರಿ ಗಿರಿಧಾರಿಲಾಲ್ ಸೇಠ್. ಸೇಠ್‌ಜಿ ಖುಷಿಯಾದರೆ ತಗಡು ಪುಕ್ಕಟೆ; ಸಿಟ್ಟಾದರೆ ಎಲೆಯ ಮುಂದಿನಿಂದ ಎದ್ದು ಹೋಗುವ ಆಸಾಮಿ ಎಂದು ರಾಯರು ಎಲ್ಲರಿಗೂ ಎಚ್ಚರಿಕೆ ಕೊಟ್ಟಿದ್ದರು.

ಭಾನುವಾರ ಬೆಳಗ್ಗೆ ಗುರುಸಿದ್ದಪ್ಪನ ಮನೆಯೆದುರಿನ ಬಯಲಿನಲ್ಲಿ ಶಾಮಿಯಾನ ಎದ್ದಿತು. ಕೊಪ್ಪರಿಗೆ ಬಂದವು, ಸೌದೆ ಬಂತು, ಬದನೆಕಾಯಿ ಮೂಟೆ ಬಂತು. ಅಡುಗೆಯವನು ಬರಲಿಲ್ಲ. ಯಾವುದೋ ಮದುವೆಮನೆಯಲ್ಲಿ ಹೆಚ್ಚಿನ ಮಜೂರಿ ಸಿಕ್ಕಿತೆಂದು ಅತ್ತ ಹೋಗಿದ್ದಾನೆಂಬ ಸುದ್ದಿ ಮಾತ್ರ ಬಂತು.

ಗುರುಸಿದ್ದಪ್ಪ ಹೆಂಡತಿ ಶಿವದೇವಿಯ ಮುಖ ನೋಡಿದ.

"ನನ್ನ ಮಾರಿ ಏನ್ ನೋಡ್ತೀರಿ? ಸಭಾದಾಗ ಉಪ್ಪಿನ ಸುದ್ದಿ ತಗಿಯೋ ಮುಂದ ನನ್ನ ಕೇಳಿದ್ರೇನು? ಅಷ್ಟ ಮಂದಿಗೆ ನಾ ಒಬ್ಬಾಕಿ ರೊಟ್ಟಿ ಬಡದ್ರ, ನಾಳಿ ನನ್ನ ರಟ್ಟಿ ತಗೊಂಡು ಹೋಗಿ ನಿಮ್ಮ ಸ್ಟೋರ್ಸಿನ ಗುಜರಿಗೆ ಹಾಕಬೇಕಾಗತೈತಿ."

ಬೇರೆ ದಾರಿ ಕಾಣದೆ ಗುರುಸಿದ್ದಪ್ಪ ರಾಯರ ಸ್ಕೂಟರಿನ ಹಿಂದೆ ಕೂತು ಲಿಂಗಂಪಲ್ಲಿಗೆ ಓಡಿದ. ಗುಡಿಸಲಿನವರ ಮುಖಂಡ ಮೇಸ್ತ್ರಿ ಸೂಗಪ್ಪ. ಆರಡಿ ಎತ್ತರ, ಎತ್ತಿನ ಕೋಡಿನಂಥ ಮೀಸೆ, ತಲೆಗೆ ರುಮಾಲು.

"ರೊಟ್ಟಿ ಬಡಿಯೋ ಹೆಣ್ಮಕ್ಕಳು ಬೇಕಾಗ್ಯಾರಪಾ, ಈಗಿಂದೀಗ!"

"ಇವತ್ತ ಆಗಂಗಿಲ್ರಿ ಸಾಹೇಬ್ರ. ಇವತ್ತ ನಮ್ಮನ್ನ ಊಟಕ್ಕ ಕರದಾರ. ಬಾಲಾನಗರದಾಗ ಯಾರೋ ಗುರುಸಿದ್ದಪ್ಪ ಅಂತ, ಭಾಳ ದೊಡ್ಡ ಮನಸಿನವ್ರಂತ."

"ಅಂವ ನಾನ ಅಪಾ."

ಸೂಗಪ್ಪ ಅವನನ್ನು ಮೇಲಿಂದ ಕೆಳಗೆ ನೋಡಿದ. "ಊಟಕ್ಕ ಕರದು ಅಡಿಗೀನೂ ನಮ್ಮ ಕಡಿಂದ ಮಾಡಸ್ತೀರೇನ್ರಿ?"

ಗುರುಸಿದ್ದಪ್ಪ ಕೈ ಜೋಡಿಸಿದ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಲೇ ಬಂದರು ಕೂಡ.

ಬಯಲು ಜಾತ್ರೆಯಂತಾಯಿತು. ಸೂಗಪ್ಪ ಕಣ್ಣು ಹಾಯಿಸಿದ ಕಡೆ ಕೆಲಸ ತಾನಾಗಿ ಓಡುತ್ತಿತ್ತು. ಗುರುಸಿದ್ದಪ್ಪನಿಗೆ ಹೆಂಗಸರು ಒಲೆ ಊದುವ ಕೆಲಸ ಕೊಟ್ಟರು. ಊದಿದ ರಭಸಕ್ಕೆ ಬೂದಿ ಮಸಿಯೆಲ್ಲ ಮುಖಕ್ಕೇ ಬಂತು. ತೊಟ್ಟ ಬನಿಯನ್ ಸೌದೆಗೆ ಸಿಕ್ಕಿ ಹೆಗಲಿನಿಂದ ಸೊಂಟದವರೆಗೆ ಹರಿಯಿತು. ಕೊನೆಗೆ, ಈ ಸಲ ಉಪ್ಪು ಸರಿಯಿರಲೇಬೇಕೆಂದು ಕುದಿಯುವ ಎಣ್ಣೆಗಾಯಿಯನ್ನು ಸೌಟಿನಿಂದ ನೇರ ನಾಲಿಗೆಗೆ ಹಾಕಿಕೊಂಡ. ಅಲ್ಲಿಂದ ಮುಂದೆ ಅವನ ಬಾಯಿಂದ "ಆಹ್ ಆಹ್" ಬಿಟ್ಟು ಬೇರೆ ಮಾತು ಹೊರಡಲಿಲ್ಲ.

ಅಷ್ಟರಲ್ಲಿ ಸೇಠ್‌ಜಿಯ ಅಂಬಾಸಿಡರ್ ಕಾರು ಹೇಳಿದ ಹೊತ್ತಿಗಿಂತ ಮೊದಲೇ ಬಂದು ನಿಂತಿತು.

ನರಸಿಂಹರಾಯರು ಹೌಹಾರಿದರು. "ಈ ಅವತಾರದಾಗ ಸ್ವಾಗತ ಮಾಡ್ತೀರೇನ್ರಿ? ಸೇಠ್‌ಜಿ ಹಂಗ ತಿರಗಿ ಹೋಗ್ತಾರ!" ಎಂದವರೇ, ಶಿವದೇವಿ ಇಸ್ತ್ರಿ ಮಾಡಿ ಇಟ್ಟಿದ್ದ ಗುರುಸಿದ್ದಪ್ಪನ ಬಿಳಿ ಜುಬ್ಬಾ ತಂದು ಸೂಗಪ್ಪನಿಗೆ ತೊಡಿಸಿ, "ಎರಡು ನಿಮಿಷ ನಿಂತು ನಮಸ್ಕಾರ ಮಾಡಪಾ" ಎಂದು ಬಾಗಿಲಿಗೆ ನೂಕಿದರು.

ಸೂಗಪ್ಪ ನಮಸ್ಕಾರ ಮಾಡಿದ ಗತ್ತಿಗೆ ಸೇಠ್‌ಜಿ ಸಂಘದವರು ತಮಗೆಂದು ತಂದಿದ್ದ ಹಾರವನ್ನು ಅವನ ಕೊರಳಿಗೇ ಹಾಕಿದರು. ಸೂಗಪ್ಪ ಪ್ರಾಮಾಣಿಕ ಮನುಷ್ಯ. "ಸೇಠ್‌ಜಿ, ಹಮ್ ತೋ ಝೋಪಡಿವಾಲೇ" ಎಂದು, ತಾನು ಗುಡಿಸಲಿನವನೆಂಬುದನ್ನು ಹೇಳಿಯೇಬಿಟ್ಟ. ಸೇಠ್‌ಜಿ ಅವನ ಬೆನ್ನು ತಟ್ಟಿ, "ವಾಹ್! ದೊಡ್ಡ ಮನುಷ್ಯರು ಹೀಗೇ ಮಾತಾಡೋದು" ಎಂದು ಹಿಂದಿಯಲ್ಲಿ ಹೊಗಳಿದರು. ಪಂಕ್ತಿಯಲ್ಲಿ ಅವನನ್ನು ಪಕ್ಕದಲ್ಲೇ ಕೂರಿಸಿಕೊಂಡರು.

ಎಣ್ಣೆಗಾಯಿಯನ್ನು ಮೂರು ಸಲ ಹಾಕಿಸಿಕೊಂಡ ಮೇಲೆ ಸೇಠ್‌ಜಿಯ ಕಣ್ಣು ಒಲೆಯ ಕಡೆ ಹೋಯಿತು. ಅಲ್ಲಿ ಹರಿದ ಬನಿಯನ್ನಿನ ಕರಿ ಮೋರೆಯೊಂದು ನಾಲಿಗೆ ಹೊರಚಾಚಿ ನಿಂತಿತ್ತು.

"ಅಯ್ಯೋ ಪಾಪ! ನಾವು ಸಹಾಯ ಮಾಡಬೇಕಾದ ಬಡವ ಇವನೇ ಅಲ್ಲವೇ?" ಎಂದು ಸೇಠ್‌ಜಿ ಎದ್ದು ಬಂದರು. "ಘರ್ ಕಿಧರ್ ಹೈ, ಭಾಯ್?"

"ಆಹ್ ಆಹ್" ಎಂದ ಗುರುಸಿದ್ದಪ್ಪ.

"ಮಾತೂ ಬರೋದಿಲ್ಲ!" ಸೇಠ್‌ಜಿಯ ಕಣ್ಣಲ್ಲಿ ನೀರು ಬಂತು. ರಾಯರು ಅವರ ಬೆನ್ನ ಹಿಂದೆ ನಿಂತು, ಸುಮ್ಮನಿರು ಎಂದು ಗುರುಸಿದ್ದಪ್ಪನಿಗೆ ಕೈ ಮುಗಿಯುತ್ತಿದ್ದರು. ಮನೆ ಎಲ್ಲಿ ಎಂದು ಕೇಳಿದ್ದಕ್ಕೆ ತೋರಿಸಿದರೆ ತಪ್ಪೇನು ಎಂದುಕೊಂಡು ಗುರುಸಿದ್ದಪ್ಪ ಸೌಟಿನಿಂದ ಎದುರಿನ ಹಂಚಿನ ಮನೆ ತೋರಿಸಿದ. ಸೇಠ್‌ಜಿ ಅದರ ಒಡೆದ ಹಂಚುಗಳನ್ನು ನೋಡಿ ನಿಟ್ಟುಸಿರುಬಿಟ್ಟರು. ಆಮೇಲೆ ಸೂಗಪ್ಪನನ್ನು ಕಾರಿನ ಹತ್ತಿರ ಕರೆದೊಯ್ದು ಬಹಳ ಹೊತ್ತು ಮಾತಾಡಿ ಹೊರಟುಹೋದರು.

ಊಟ ಭರ್ಜರಿಯಾಯಿತೆಂದು ಎಲ್ಲರೂ ಹೊಗಳಿದರು. ಗುರುಸಿದ್ದಪ್ಪ ಎರಡು ಲೋಟ ಮಜ್ಜಿಗೆ ಕುಡಿದು, ಮನೆಯೊಳಗೆ ಚಾಪೆಯ ಮೇಲೆ ಬಿದ್ದವನಿಗೆ ಹೆಣದಂಥ ನಿದ್ದೆ.

ಧಡಧಡ ಸದ್ದಿಗೆ ಎಚ್ಚರವಾಯಿತು. ಕಣ್ಣು ತೆರೆದರೆ ಮೇಲೆ ಹಂಚಿಲ್ಲ, ಆಕಾಶ. ಆಕಾಶದ ನಡುವೆ ಜುಬ್ಬಾ ತೊಟ್ಟ ಸೂಗಪ್ಪ.

"ಏನ್ ಮಾಡಾಕತ್ತೀಯೋ!" ನಾಲಿಗೆ ಉರಿ ಮರೆತು ಕೂಗಿದ ಗುರುಸಿದ್ದಪ್ಪ.

"ತಗಡ ಹೊದಸಾಕತ್ತೀನ್ರಿ. ನಾ ಬರೇ ಮೇಸ್ತ್ರಿ ಅಂತ ಕಾರಿನ ಹತ್ರ ಸೇಠ್‌ಜಿಗೆ ಕಡೀಕ ಖಾತ್ರಿ ಆತ್ರಿ. ಮಂದಿ ಕಡಿಂದ ಕೆಲಸ ತಗೋಳೋ ನನ್ನ ರೀತಿ ಅವರಿಗೆ ಭಾಳ ಹಿಡಿಸ್ತಂತ. ಗೋದಾಮು ನೋಡಿಕೊಳ್ಳೋ ಕೆಲಸ ಕೊಟ್ಟಾರ. ನಮ್ಮ ಮಂದಿಗೆಲ್ಲ ಇರಾಕ ಪಕ್ಕಾ ಖೋಲಿ! ಮೊದಲನೇ ಹುಕುಂ ಇದ. ಈ ಬಡವನ ಮನಿಗೆ ಇವತ್ತ ತಗಡ ಬೀಳಬೇಕಂತ."

ಗುರುಸಿದ್ದಪ್ಪ ಹೊರಗೆ ಓಡಿದ. ಅಂಗಳದಲ್ಲಿ ಮನೆಯ ಮಾಲೀಕ ಯಾದಯ್ಯ, ಅರ್ಧ ತಗಡು ಬಿದ್ದು ಹೊಳೆಯುತ್ತಿದ್ದ ಸೂರನ್ನು ಹೊಸ ಹೆಂಡತಿಯನ್ನು ನೋಡುವಂತೆ ಪ್ರೀತಿಯಿಂದ ನೋಡುತ್ತ ನಿಂತಿದ್ದ. "ಚಾಲಾ ಬಾಗುಂದಯ್ಯಾ!" ಬಹಳ ಚೆನ್ನಾಗಿದೆ ಎಂದು ಗುರುಸಿದ್ದಪ್ಪನ ಕೈ ಕುಲುಕಿದ. ಸೂರು ಸೋರುತ್ತದೆಂದೇ ಅವನ ಅಳಿಯ ಇಷ್ಟು ದಿನ ಈ ಮನೆಗೆ ವಾಸಕ್ಕೆ ಬರಲು ಒಪ್ಪಿರಲಿಲ್ಲವಂತೆ. ಇನ್ನು ಆ ತಕರಾರಿಲ್ಲ. ಬರುವ ಒಂದನೇ ತಾರೀಖಿಗೆ ಮನೆ ಖಾಲಿ ಮಾಡಿಕೊಟ್ಟರೆ ಸಾಕು ಎಂದು ತೆಲುಗಿನಲ್ಲಿ ನಯವಾಗಿ ಹೇಳಿ ಯಾದಯ್ಯ ಹೊರಟುಹೋದ.

ಗುರುಸಿದ್ದಪ್ಪ ತೆಗೆದಿಟ್ಟ ಹಂಚುಗಳ ರಾಶಿಯ ಮೇಲೆ ಕುಸಿದು ಕೂತ. ಸೂಗಪ್ಪ ಅವನ ಮುಖ ನೋಡಿ ಕೈಯಲ್ಲಿದ್ದ ಸುತ್ತಿಗೆ ಕೆಳಗಿಟ್ಟ. ಸೂರಿನ ಮೇಲಿಂದಲೇ ಬಗ್ಗಿ ಸಮಾಧಾನ ಹೇಳಿದ.

"ಚಿಂತಿ ಮಾಡಬ್ಯಾಡ್ರಿ ಸಾಹೇಬ್ರ. ನಾವೆಲ್ಲ ನಾಳಿ ಸೇಠ್‌ಜಿ ಖೋಲಿಗೆ ಹೊಂಟೀವಿ. ಲಿಂಗಂಪಲ್ಲಿಯಾಗ ನಮ್ಮ ಗುಡಸಲ ಖಾಲಿ ಬೀಳತಾವ. ನಿಮಗ ಯಾವುದು ಪಸಂದ ಬೀಳತೈತಿ, ಅದನ್ನ ತಗೋರ್ರಿ."

ಶಿವದೇವಿ ಸೆರಗು ಸಿಕ್ಕಿಸಿಕೊಂಡು ಮುಂದೆ ಬಂದಳು.

"ನೀರಿನ ನಳ ಹತ್ರ ಐತೇನಪಾ ಅಲ್ಲಿ?"