ಎಡಗಡೆಯ ಸೈಕಲ್ಲು

ಇಷ್ಟೆಲ್ಲ ರಾಮಾಯಣಕ್ಕೆ ಕಾರಣ ಅವನ ಗದ್ದದ ಮೇಲಿದ್ದ ಅರ್ಧ ಬೆರಳುದ್ದದ ಒಂದು ಗಾಯದ ಗುರುತು. ಹನ್ನೆರಡು ವರ್ಷದ ಹಿಂದೆ, ಮದುವೆಗೆ ಮುಂಚೆ ಮೊದಲ ಸಲ ಭೇಟಿಯಾದಾಗ ಅವನ ಹೆಂಡತಿ, "ಇದೇನಾಗಿತ್ತು?" ಎಂದು ಕೇಳಿದ್ದಳು. ಬಚ್ಚಲಲ್ಲಿ ಜಾರಿ ನಲ್ಲಿಗೆ ಗದ್ದ ಬಡಿಸಿಕೊಂಡೆ ಎಂದು ಹೇಳಲು ಯಾವ ಗಂಡಸಿಗೆ ತಾನೇ ಮನಸ್ಸು ಬಂದೀತು? "ಸೈಕಲ್ ರೇಸಿನಲ್ಲಿ ಬಿದ್ದೆ" ಎಂದುಬಿಟ್ಟ. ಅವಳ ಕಣ್ಣು ಅಗಲವಾಯಿತು. ಆ ಕಣ್ಣು ನೋಡಿದ ಮೇಲೆ ಆಡಿದ ಮಾತನ್ನು ವಾಪಸು ತೆಗೆದುಕೊಳ್ಳುವುದು ಅವನಿಂದಾಗಲಿಲ್ಲ.

ಅಸಲು ಸಂಗತಿಯೆಂದರೆ ಅವನಿಗೆ ಸೈಕಲ್ ಹೊಡೆಯಲು ಬರುತ್ತಲೇ ಇರಲಿಲ್ಲ. ಆದರೆ ಸೈಕಲ್ ರೇಸಿನ ವಿಷಯದಲ್ಲಿ ಅವನಿಗೆ ಗೊತ್ತಿಲ್ಲದ್ದು ಯಾವುದೂ ಇರಲಿಲ್ಲ. ನೀರು ಸರಬರಾಜು ಕಚೇರಿಯ ದೂರು ವಿಭಾಗದಲ್ಲಿ ಕೂತು, ನಲ್ಲಿಯಲ್ಲಿ ನೀರು ಬರುತ್ತಿಲ್ಲ ಎಂದು ಬಂದವರ ದೂರು ಬರೆದುಕೊಳ್ಳುತ್ತಲೇ, ರೇಸಿನಲ್ಲಿ ಮುಂದಿನವನ ಬೆನ್ನ ಹಿಂದೆ ಗಾಳಿಮರೆಯಲ್ಲಿ ಹೇಗೆ ಹೋಗಬೇಕು, ನಾಯಕನೊಬ್ಬನಿಗಾಗಿ ಏಳು ಜನ ಹೇಗೆ ಗಾಳಿಗೆ ಎದೆ ಕೊಟ್ಟು ಸವೆಯುತ್ತಾರೆ ಎಂದೆಲ್ಲ ವಿವರಿಸುತ್ತಿದ್ದ. ಅವನ ಮಾತು ಕೇಳುತ್ತ ಕೇಳುತ್ತ ಜನಕ್ಕೆ ನೀರಿನ ಚಿಂತೆ ಮರೆತುಹೋಗುತ್ತಿತ್ತು. ಹೀಗಾಗಿ ಕಚೇರಿಯಲ್ಲೂ ಬೀದಿಯಲ್ಲೂ ಅವನಿಗೆ 'ಕಾಮೆಂಟ್ರಿ' ಎಂಬ ಹೆಸರೇ ನಿಂತಿತು.

ಆ ವರ್ಷ ಗ್ರಹಚಾರಕ್ಕೆ ದೊಡ್ಡ ರೇಸು ಅವರ ಬೀದಿಯಲ್ಲೇ ಹಾದುಹೋಗುವುದೆಂದು ಗೊತ್ತಾಯಿತು. ಬೀದಿ ಸಂಘದ ಅಧ್ಯಕ್ಷರು ನಿವೃತ್ತ ಡ್ರಿಲ್ ಮೇಷ್ಟ್ರು. ಅವರು ಸುಮ್ಮನಿರುವ ಪೈಕಿಯಲ್ಲ. ರೇಸು ಮುಗಿದ ಮೇಲೂ ಒಂದು ಗಂಟೆ ರಸ್ತೆ ಬಂದ್ ಇರುತ್ತದಂತೆ, ಆಗ ಬೀದಿಯವರೆಲ್ಲ ಅದೇ ರಸ್ತೆಯಲ್ಲಿ ಸೈಕಲ್ಲಿನಲ್ಲಿ ಒಂದು ಸುತ್ತು ಹೋಗೋಣ, ಎಲ್ಲರಿಗಿಂತ ಮುಂದೆ ನಮ್ಮ ಹಳೇ ರೇಸುಗಾರ ಕಾಮೆಂಟ್ರಿ ಇರಲಿ, ಅವರ ಪಕ್ಕದಲ್ಲಿ ನಾನಿರುತ್ತೇನೆ ಎಂದು ಘೋಷಿಸಿಬಿಟ್ಟರು.

ಕಾಮೆಂಟ್ರಿ ಸೊಂಟ ನೋವೆಂದ. ಸೈಕಲ್ಲೇ ಸೊಂಟ ನೋವಿಗೆ ಮದ್ದು ಎಂದರು ಮೇಷ್ಟ್ರು. ಸೈಕಲ್ಲಿಲ್ಲ ಎಂದ. ಮಾರನೆಯ ದಿನವೇ ಮೇಷ್ಟ್ರು ತಮ್ಮ ಅಳಿಯನ ಸೈಕಲ್ಲು ತಂದರು. ಅವರ ಸೈಕಲ್ಲೂ ಅಳಿಯನದೂ ಒಂದೇ ಅಂಗಡಿಯಲ್ಲಿ ಒಂದೇ ದಿನ ಕೊಂಡವು. ಅದೇ ನೀಲಿ ಬಣ್ಣ, ಅದೇ ಬಗ್ಗಿದ ಹ್ಯಾಂಡಲ್ಲು. ರೇಸಿನ ಹಿಂದಿನ ಸಂಜೆ ಎರಡನ್ನೂ ಒರೆಸಿ, ಗಾಳಿ ತುಂಬಿ, ಕಾಮೆಂಟ್ರಿಯ ಮನೆಯ ಮೆಟ್ಟಿಲ ಬುಡದಲ್ಲಿ ಅಕ್ಕಪಕ್ಕದಲ್ಲಿ ನಿಲ್ಲಿಸಿದರು. ಬಾಗಿಲ ಹೊರಗೆ ಬೀದಿಯಲ್ಲಿ ನಿಂತು, ಒಳಗೆ ಮೆಟ್ಟಿಲ ಮೇಲಿದ್ದ ಕಾಮೆಂಟ್ರಿಗೆ, "ಎಡಗಡೆಯದು ನಿಮ್ದು, ಬಲಗಡೆಯದು ನಂದು. ನೆನಪಿರ್ಲಿ" ಎಂದು ಹೇಳಿ ಮನೆಗೆ ಹೋದರು.

ಆ ರಾತ್ರಿ ಕಾಮೆಂಟ್ರಿಗೆ ನಿದ್ದೆ ಹತ್ತಲಿಲ್ಲ. ಬೀದಿಯವರು ನಕ್ಕರೆ ನಗಲಿ, ಅದನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ಅವಳು? ಮಳೆಯಲ್ಲಿ ನೆನೆದುಕೊಂಡು ಮನೆಗೆ ಬಂದಾಗ, ಬಡ್ತಿ ತಪ್ಪಿದಾಗ, ಹನ್ನೆರಡು ವರ್ಷದಿಂದಲೂ ಅವಳು ಆ ಗಾಯದ ಮೇಲೆ ಬೆರಳಾಡಿಸಿ "ನೀವು ಎಂಥೆಂಥದನ್ನೋ ನೋಡಿದೋರು" ಎನ್ನುತ್ತಿದ್ದಳು. ಆ ಒಂದು ಮಾತಿನ ಮೇಲೆಯೇ ಅವನ ಸಂಸಾರ ನಿಂತಿದೆಯೆಂದು ಅವನ ನಂಬಿಕೆ.

ಬೆಳಗ್ಗೆ ಹೆಂಡತಿ ಎದ್ದೇಳುವ ಮೊದಲೇ ಅವಳ ಹೊಲಿಗೆ ಡಬ್ಬಿಯಿಂದ ಒಂದು ಸೂಜಿ ತೆಗೆದುಕೊಂಡು ಕೆಳಗಿಳಿದ. ಎಡ ಯಾವುದು, ಬಲ ಯಾವುದು? ಮೇಷ್ಟ್ರು ತನಗೆ ಮುಖ ಮಾಡಿ ನಿಂತು ಹೇಳಿದ್ದು. ಅವರ ಎಡವೆಂದರೆ ತನ್ನ ಬಲ. ಹೀಗೆಂದು ತುಂಬ ಜಾಣತನದಿಂದ ಲೆಕ್ಕ ಹಾಕಿ, ತನ್ನ ಬಲಗಡೆಯಿದ್ದ ಸೈಕಲ್ಲಿನ ಮುಂದಿನ ಟಯರಿನ ಪಕ್ಕೆಗೆ ಸೂಜಿ ಚುಚ್ಚಿದ. ಒಂದೇ ಸಲಕ್ಕೆ ಗಾಳಿ ಹೋದರೆ ಅನುಮಾನ ಬರುತ್ತದೆ, ಮೆಲ್ಲಗೆ ಹೋಗಬೇಕು. ಕಿವಿಯಿಟ್ಟು ಕೇಳಿದ. 'ಸ್' ಎಂದು ಬಹಳ ನಾಜೂಕಾಗಿ ಬರುತ್ತಿತ್ತು. ಒಂಬತ್ತಕ್ಕೆ ರೇಸು, ಹತ್ತೂವರೆಗೆ ಸವಾರಿ, ಅಷ್ಟರಲ್ಲಿ ಟಯರು ಚಪ್ಪಟೆ. ಅಯ್ಯೋ, ಎಂಥ ದುರದೃಷ್ಟ ಎಂದು ಕೈ ಹಿಸುಕಿಕೊಂಡರಾಯಿತು. ಸೂಜಿಯನ್ನು ಡಬ್ಬಿಗೆ ಸೇರಿಸಿ, ಏನೂ ಅರಿಯದವನಂತೆ ಹಲ್ಲುಜ್ಜಲು ಹೋದ.

ಎಂಟೂವರೆಗೆ ಬೀದಿ ತುಂಬಿತು. ಕಟ್ಟೆಯ ಮೇಲೆ ಮೇಜು ಹಾಕಿ ಕಾಮೆಂಟ್ರಿಯ ಕೈಗೆ ಮೈಕು ಕೊಟ್ಟಿದ್ದರು. ಮೇಷ್ಟ್ರೇ ಎರಡು ಸೈಕಲ್ಲನ್ನೂ ತಳ್ಳಿಕೊಂಡು ಬಂದು, ಅವನದನ್ನು ಮೇಜಿಗೆ ಒರಗಿಸಿ, ತಮ್ಮದನ್ನು ಗೇಟಿನ ಹತ್ತಿರ ನಿಲ್ಲಿಸಿದರು. ಎದುರಿಗೆ ಮಹಡಿಯ ಕಿಟಕಿಯಲ್ಲಿ ಹೆಂಡತಿ ನಿಂತಿದ್ದಳು. ಕಾಮೆಂಟ್ರಿ ಮೈಕಿನಲ್ಲಿ ಕೆಂಪಂಗಿ ತಂಡ, ಹಸಿರಂಗಿ ತಂಡಗಳ ಹತ್ತು ವರ್ಷದ ಹಗೆಯನ್ನು ಬಿಡಿಸಿ ಹೇಳುತ್ತಿದ್ದ. ಕೆಂಪಂಗಿಯವರ ನಾಯಕನೆಂದರೆ ಅವನಿಗೆ ಪ್ರಾಣ. ಗೆದ್ದರೂ ಸೋತರೂ ತುಟಿ ಬಿಚ್ಚದ ಆ ಮನುಷ್ಯನನ್ನು ಜನ 'ಮೌನಿ' ಎಂದೇ ಕರೆಯುತ್ತಿದ್ದರು.

ಅಷ್ಟರಲ್ಲಿ ರೇಸು ಬಂತು.

ಹನ್ನೆರಡು ವರ್ಷ ಅದನ್ನು ವರ್ಣಿಸಿದ್ದ ಕಾಮೆಂಟ್ರಿ ಕಣ್ಣಾರೆ ನೋಡಿದ್ದು ಅದೇ ಮೊದಲು. ಮೊದಲಿಗೆ ಒಂದು ಸದ್ದು, ದೂರದಲ್ಲೆಲ್ಲೋ ಜೇನು ಎದ್ದ ಹಾಗೆ. ಆಮೇಲೆ ತಿರುವಿನಲ್ಲಿ ನೂರಕ್ಕೂ ಹೆಚ್ಚು ಜನ ಒಂದೇ ಮೈಯಾಗಿ ಬಾಗಿದರು. ಮೊಣಕೈಗೆ ಮೊಣಕೈ, ಚಕ್ರಕ್ಕೆ ಚಕ್ರ, ನಡುವೆ ಒಂದು ಗೇಣೂ ಇಲ್ಲ. ಆದರೂ ಒಬ್ಬರನ್ನೊಬ್ಬರು ತಾಗಲಿಲ್ಲ, ಯಾರೂ ಯಾರನ್ನೂ ನೋಡಲಿಲ್ಲ. ಅವರು ಎಬ್ಬಿಸಿದ ಗಾಳಿಗೆ ಮೇಜಿನ ಮೇಲಿದ್ದ ಕಾಗದಗಳು ಹಾರಿಹೋದವು. ಮೈಕು ಹಿಡಿದುಕೊಂಡೇ ಕಾಮೆಂಟ್ರಿಯ ಬಾಯಿ ಕಟ್ಟಿಹೋಯಿತು. ಮನುಷ್ಯರು ಇಷ್ಟು ಚೆಂದವಾಗಿ ಇರಬಲ್ಲರೇ ಎನ್ನಿಸಿ ಕಣ್ಣು ಒದ್ದೆಯಾಯಿತು.

ಆಗಲೇ 'ಪಟ್' ಎಂದಿತು. ಗುಂಪಿನಿಂದ ಒಂದು ಕೆಂಪಂಗಿ ಪಕ್ಕಕ್ಕೆ ಸರಿದು ಸರಿಯಾಗಿ ಮೇಜಿನೆದುರಿಗೇ ನಿಂತಿತು. ಸಾಕ್ಷಾತ್ ಮೌನಿ. ಅವನ ಸೈಕಲ್ಲಿನ ಚೈನು ತುಂಡಾಗಿ ನೇತಾಡುತ್ತಿತ್ತು. ಅವನ ತಂಡದ ಕಾರು ಇಕ್ಕಟ್ಟಿನ ಬೀದಿಯಲ್ಲಿ ಎಲ್ಲೋ ಹಿಂದೆ ಸಿಕ್ಕಿಕೊಂಡಿತ್ತು, ಜೊತೆಯವರು ಮುಂದೆ ಹೋಗಿಬಿಟ್ಟಿದ್ದರು. ಗುರಿಗೆ ಇನ್ನು ನಾಲ್ಕೇ ಕಿಲೋಮೀಟರು.

ಮೌನಿ ಸುತ್ತ ನೋಡಿದ. ಮೇಜಿಗೊರಗಿದ್ದ ನೀಲಿ ಸೈಕಲ್ಲು ಕಣ್ಣಿಗೆ ಬಿತ್ತು. ಕಾಮೆಂಟ್ರಿಯ ಮುಖ ನೋಡಿ ಹುಬ್ಬಿನಲ್ಲೇ ಕೇಳಿದ. ಕಾಮೆಂಟ್ರಿಯ ತಲೆ ತನ್ನಷ್ಟಕ್ಕೆ ತಾನೇ ಹೂಂ ಎಂದು ಆಡಿತು. ರೇಸಿನ ಶೂ ಈ ಸೈಕಲ್ಲಿನ ಪೆಡಲಿಗೆ ಕೂರುವುದಿಲ್ಲವೆಂದು ಕಂಡ ಮೌನಿ ಎರಡೂ ಶೂಗಳನ್ನು ಕಳಚಿ ಮೇಜಿನ ಮೇಲೆ ಜೋಡಿಸಿಟ್ಟ. ಬರೀ ಕಾಲುಚೀಲದಲ್ಲಿ ಸೈಕಲ್ ಹತ್ತಿ ಹೊರಟೇಬಿಟ್ಟ. ಬೀದಿಗೆ ಬೀದಿಯೇ ಉಸಿರು ಹಿಡಿದು ನೋಡಿತು.

ಆಗ ಕಾಮೆಂಟ್ರಿಗೆ ಸೂಜಿ ನೆನಪಾಯಿತು.

ಬೀದಿ ದಾಟಿದರೆ ಸೇತುವೆಯ ಇಳಿಜಾರು. ಅಲ್ಲಿ ಅರವತ್ತು, ಎಪ್ಪತ್ತರ ವೇಗ. ಮುಂದಿನ ಟಯರಿನಲ್ಲಿ ಗಾಳಿಯಿಲ್ಲದೆ ಆ ತಿರುವಿಗೆ ಬಂದರೆ ಮೌನಿಯ ಮೂಳೆ ಒಂದೂ ಉಳಿಯುವುದಿಲ್ಲ. ಕಾಮೆಂಟ್ರಿ ಮಹಡಿಯತ್ತ ನೋಡಿದ. ಹೆಂಡತಿ ಹೆಮ್ಮೆಯಿಂದ ಬೀಗುತ್ತ ಪಕ್ಕದ ಮನೆಯವರಿಗೆ ಅವನನ್ನೇ ತೋರಿಸುತ್ತಿದ್ದಳು. ಬಾಯಿ ಬಿಟ್ಟರೆ ಹನ್ನೆರಡು ವರ್ಷ ನೀರುಪಾಲು. ಬಿಡದಿದ್ದರೆ ಒಂದು ಜೀವ.

ಅವನು ಮೈಕಿಗೆ ಬಾಯಿ ಹಚ್ಚಿದ.

"ನಿಲ್ಲಿ, ಸ್ವಾಮಿ. ಆ ಸೈಕಲ್ಲಿನ ಮುಂದಿನ ಟಯರ್ ಪಂಕ್ಚರ್ ಆಗಿದೆ. ಇನ್ನು ಎರಡು ಕಿಲೋಮೀಟರ್ ಹೋಗೋದೂ ಅನುಮಾನ. ನಾನೇ ಬೆಳಗ್ಗೆ ಸೂಜಿ ಚುಚ್ಚಿದ್ದು. ಯಾಕಂದ್ರೆ ನಂಗೆ ಸೈಕಲ್ ಹೊಡೆಯೋಕೆ ಬರಲ್ಲ. ಯಾವತ್ತೂ ಬರ್ತಿರ್ಲಿಲ್ಲ."

ಒಂಬತ್ತು ಕಂಬಗಳ ಒಂಬತ್ತು ಸ್ಪೀಕರುಗಳಲ್ಲಿ ಅವನ ಮಾತು ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಮೊಳಗಿತು. ಮೌನಿ ಮಾತ್ರ ತಿರುಗಿಯೂ ನೋಡದೆ ಇಳಿಜಾರಿನಲ್ಲಿ ಮರೆಯಾದ. ಮಹಡಿಯ ಕಿಟಕಿ ಮುಚ್ಚಿಕೊಂಡಿತು. ಕಾಮೆಂಟ್ರಿ ಮೈಕನ್ನು ಕೆಳಗಿಟ್ಟು, ಮೌನಿಯ ಶೂಗಳೆದುರಿಗೆ ತಲೆ ಹಿಡಿದುಕೊಂಡು ಕುಸಿದು ಕೂತ. ಇನ್ನು ಆಂಬುಲೆನ್ಸ್ ಸದ್ದು ಕೇಳುವುದೊಂದೇ ಬಾಕಿ.

ಕಾಲು ಗಂಟೆಯಾದ ಮೇಲೆ ಕೇಳಿಬಂದದ್ದು ಆಂಬುಲೆನ್ಸಲ್ಲ, ಕೇಕೆ. ಮೂಲೆಯ ಕ್ಷೌರದಂಗಡಿಯ ಟಿವಿ ಮುಂದಿದ್ದವರು ಓಡೋಡಿ ಬಂದು ಕಾಮೆಂಟ್ರಿಯನ್ನು ಹೆಗಲ ಮೇಲೆ ಎತ್ತಿಕೊಂಡರು. ಮೌನಿ ಗೆದ್ದಿದ್ದ. ನಡೆದದ್ದು ಇಷ್ಟು: ಆ ಹೊತ್ತಿಗೆ ಹಸಿರಂಗಿಯವರ ಕಾರು ಸರಿಯಾಗಿ ಸ್ಪೀಕರಿನ ಕೆಳಗೇ ಹಾದುಹೋಗುತ್ತಿತ್ತಂತೆ. ಒಳಗಿದ್ದ ಅವರ ಮ್ಯಾನೇಜರು ಪಂಕ್ಚರಿನ ಮಾತು ಕೇಳಿ, ತನ್ನ ಹುಡುಗರಿಗೆ ರೇಡಿಯೋದಲ್ಲಿ, ಮೌನಿಯ ಕತೆ ಮುಗಿಯಿತು, ಸುಮ್ಮನೆ ಕಾಲು ಸವೆಸಬೇಡಿ, ಕೊನೆಯ ಓಟಕ್ಕೆ ಶಕ್ತಿ ಉಳಿಸಿಕೊಳ್ಳಿ ಎಂದನಂತೆ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಧಾನಿಸಿದರು. ಮೌನಿ ಸೇತುವೆ ದಾಟಿ ಅವರನ್ನು ಹಿಡಿದ, ಏರಿನಲ್ಲಿ ಅವರನ್ನೇ ಹಿಂದೆ ಹಾಕಿ ಕಾಲುಚೀಲದಲ್ಲೇ ಗುರಿ ಮುಟ್ಟಿದ.

ಎಂಥ ತಲೆ ಕಣಪ್ಪ ಎಂದು ಜನ ಮೂಗಿನ ಮೇಲೆ ಬೆರಳಿಟ್ಟರು. ಕ್ಷಣಮಾತ್ರದಲ್ಲಿ ಅಂಥ ಸುಳ್ಳು ಹೊಳೆಯಬೇಕಾದರೆ ಹಳೇ ರೇಸುಗಾರನಿಗೇ ಸೈ. ಅದು ಸುಳ್ಳಲ್ಲ, ನನಗೆ ನಿಜವಾಗಿಯೂ ಸೈಕಲ್ ಬರುವುದಿಲ್ಲ ಎಂದು ಕಾಮೆಂಟ್ರಿ ಹೆಗಲ ಮೇಲಿಂದಲೇ ಕೂಗಿಕೊಂಡ. ಜನ ಇನ್ನೂ ಜೋರಾಗಿ ನಕ್ಕರು. ಆದರೆ ಟಯರು ಉಳಿದದ್ದು ಹೇಗೆಂದು ಅವನಿಗೇ ಬಗೆಹರಿಯಲಿಲ್ಲ.

ಉತ್ತರ ಡ್ರಿಲ್ ಮೇಷ್ಟ್ರ ಕೈಯಲ್ಲಿತ್ತು. ಹತ್ತೂವರೆಗೆ ಅವರು ಗೇಟಿನ ಹತ್ತಿರದಿಂದ ತಮ್ಮ ಸೈಕಲ್ಲನ್ನು ಎಳೆದುಕೊಂಡು ಬಂದರು. ಮುಂದಿನ ಟಯರು ನೆಲಕ್ಕೆ ಅಂಟಿಕೊಂಡಿತ್ತು.

"ಮೂವತ್ತೆರಡು ವರ್ಷ ಡ್ರಿಲ್ ಮಾಡಿಸಿದೋನು ನಾನು," ಎಂದರು ಮೇಷ್ಟ್ರು. "ಎದುರಿಗೆ ನಿಂತೋರಿಗೆ ಎಡ ಅಂದ್ರೆ ಅವ್ರ ಎಡ, ನಂದಲ್ಲ. ನಿಮ್ಮ ಎಡಗಡೆ ಇದ್ದಿದ್ದು ನಿಮ್ದು. ಬಲಗಡೆ ಇದ್ದ ನನ್ನ ಸೈಕಲ್ಲಿಗೆ ಯಾಕಪ್ಪಾ ಚುಚ್ಚಿದ್ರಿ? ನೀವೊಬ್ರೇ ಮುಂದೆ ಹೋಗ್ಬೇಕು ಅಂತ ತಾನೇ? ಬಾಯಿಬಿಟ್ಟು ಕೇಳಿದ್ರೆ ನಾನೇ ಬಿಟ್ಕೊಡ್ತಿರ್ಲಿಲ್ವಾ?"

ಅಷ್ಟರಲ್ಲಿ ಜನ ಇಬ್ಭಾಗವಾಗಿ ದಾರಿ ಬಿಟ್ಟರು. ನೀಲಿ ಸೈಕಲ್ಲನ್ನು ತಳ್ಳಿಕೊಂಡು ಮೌನಿ ಬರುತ್ತಿದ್ದ. ಅವನ ಕಾಲುಚೀಲ ಹರಿದು ಬೆರಳುಗಳು ಹೊರಬಂದಿದ್ದವು. ನೂರು ಕ್ಯಾಮೆರಾಗಳನ್ನು ಬಿಟ್ಟು, ಆ ಮಹಾನುಭಾವ ತನ್ನ ಶೂ ತೆಗೆದುಕೊಳ್ಳಲು ತಾನೇ ನಡೆದು ಬಂದಿದ್ದ. ಶೂ ಹಾಕಿಕೊಂಡು, ಸೈಕಲ್ಲನ್ನು ಕಾಮೆಂಟ್ರಿಯ ಕೈಗೆ ಕೊಟ್ಟ.

"ನನಗೋಸ್ಕರ ಅಷ್ಟು ಜನರ ಮುಂದೆ ಸುಳ್ಳು ಹೇಳಿ ಮರ್ಯಾದೆ ಕಳ್ಕೊಂಡ್ರಿ," ಎಂದ ಮೌನಿ. "ಹತ್ತಿ. ನಿಮ್ಮ ಪಕ್ಕದಲ್ಲಿ ನಾನು ಬರ್ತೀನಿ."

ಜೀವಮಾನದಲ್ಲಿ ಆಡಿದ ಒಂದೇ ಒಂದು ದೊಡ್ಡ ನಿಜಕ್ಕೆ ಸುಳ್ಳೆಂದು ಸನ್ಮಾನವಾಗುತ್ತಿತ್ತು. ಬೀದಿಯವರು ನಲವತ್ತು ಸೈಕಲ್ಲುಗಳೊಂದಿಗೆ ಹಿಂದೆ ಸಾಲುಗಟ್ಟಿದ್ದರು. ಮಹಡಿಯ ಕಿಟಕಿ ಮತ್ತೆ ತೆರೆದಿತ್ತು. ಕಾಮೆಂಟ್ರಿ ದೇವರ ಮೇಲೆ ಭಾರ ಹಾಕಿ ಸೀಟಿನ ಮೇಲೆ ಕೂತ. ಮೌನಿ, ತನ್ನ ಹಿಂದೆಯೇ ಬಂದಿದ್ದ ತಂಡದವನೊಬ್ಬನ ಸೈಕಲ್ಲು ಹತ್ತಿ, ಸುಸ್ತಾದ ಜೊತೆಗಾರರಿಗೆ ರೇಸಿನಲ್ಲಿ ಮಾಡುವ ಹಾಗೆ ಅವನ ಬೆನ್ನಿಗೆ ಅಂಗೈಯಿಟ್ಟು ನೂಕಿದ.

ಸೈಕಲ್ಲು ಹೊರಟಿತು. ಕಾಲ ಕೆಳಗೆ ರಸ್ತೆ ತಾನಾಗಿಯೇ ಹಿಂದೆ ಹೋಗುತ್ತಿತ್ತು, ಕಿವಿಯ ಪಕ್ಕದಲ್ಲಿ ಗಾಳಿ ಹಾಡುತ್ತಿತ್ತು. ಇಷ್ಟು ವರ್ಷ ತಾನು ಮಾತಾಡಿದ್ದೆಲ್ಲ ಈ ಗಾಳಿಯ ಬಗ್ಗೆಯೇ ಎಂದು ಕಾಮೆಂಟ್ರಿಗೆ ಆಗ ತಿಳಿಯಿತು. ಮೈಯೆಲ್ಲ ಜುಮ್ಮೆಂದಿತು. ಇಪ್ಪತ್ತು ಗಜ ಹೋಗುವಷ್ಟರಲ್ಲಿ ಅಂಗೈಗೆ ಅವನ ಬೆನ್ನಿನ ನಡುಕ ಗೊತ್ತಾಗಿರಬೇಕು, ಮೌನಿ ಹತ್ತಿರಕ್ಕೆ ಬಾಗಿದ.

"ನಿಜವಾಗ್ಲೂ ಬರಲ್ವಾ?"

"ಬರಲ್ಲ ಸ್ವಾಮಿ."

"ಹಾಗಾದ್ರೆ ಸೂಜಿ?"

"ಚುಚ್ಚಿದ್ದೂ ನಿಜ. ಬೇರೆ ಸೈಕಲ್ಲಿಗೆ."

ಗೆದ್ದಾಗಲೂ ನಗದ ಮೌನಿ ಬಿದ್ದು ಬಿದ್ದು ನಗತೊಡಗಿದ. ನಗುವ ಭರದಲ್ಲಿ ಬೆನ್ನ ಮೇಲಿನ ಕೈ ತೆಗೆದ. ಕಾಮೆಂಟ್ರಿ ಎಡಕ್ಕೆ ವಾಲಿ, ಬಲಕ್ಕೆ ವಾಲಿ, ರಸ್ತೆಗೆ ಗದ್ದ ಕೊಟ್ಟು ಬಿದ್ದ. ಹಿಂದಿನಿಂದ ಬಂದ ನಲವತ್ತು ಸೈಕಲ್ಲುಗಳಲ್ಲಿ ಹನ್ನೊಂದು ಅವನ ಮೇಲೆಯೇ ಬಿದ್ದವು.

ಕಣ್ಣು ಬಿಟ್ಟಾಗ ತಲೆ ಕಟ್ಟೆಯ ಮೇಲೆ ಕೂತಿದ್ದ ಹೆಂಡತಿಯ ತೊಡೆಯ ಮೇಲಿತ್ತು. ಅವಳು ಹತ್ತಿಯಿಂದ ಗದ್ದ ಒರೆಸುತ್ತಿದ್ದಳು. ಗಾಯ ಸರಿಯಾಗಿ ಹಳೇ ಗುರುತಿನ ಮೇಲೆಯೇ ಆಗಿತ್ತು. ನಿನ್ನ ಹತ್ತಿರ ಒಂದು ವಿಷಯ ಹೇಳಬೇಕು ಎಂದು ಅವನು ತೊದಲಿದ.

"ಬಚ್ಚಲ ನಲ್ಲಿ ವಿಷಯಾನಾ?" ಎಂದಳು ಅವಳು ಮೆಲ್ಲಗೆ. "ಮದುವೆಯಾದ ವಾರಕ್ಕೇ ಅತ್ತೆ ಹೇಳಿದ್ರು. ನೀವು ಅಷ್ಟು ಚೆನ್ನಾಗಿ ಹೇಳ್ತಿದ್ರಿ, ಕೇಳೋಕೆ ನಂಗೂ ಇಷ್ಟ ಆಗ್ತಿತ್ತು. ಇವತ್ತು ಎಲ್ಲಾ ಹೇಳ್ಬಿಟ್ರಿ, ಇನ್ಮೇಲೆ ಹೇಳಲ್ವೇನೋ ಅಂತ ಬೇಜಾರಾಗಿ ಕಿಟಕಿ ಹಾಕ್ಕೊಂಡೆ."

ಅಷ್ಟರಲ್ಲಿ ಮೇಲೆ ಸ್ಪೀಕರು ಗರಗರ ಎಂದಿತು. ಡ್ರಿಲ್ ಮೇಷ್ಟ್ರು ಮೈಕು ಹಿಡಿದಿದ್ದರು. ಮಹಾಚಾಂಪಿಯನ್ನನ ಭುಜಕ್ಕೆ ಭುಜ ತಾಗಿಸಿ ಓಡುವಾಗ ಅಪಘಾತಕ್ಕೀಡಾದ ನಮ್ಮ ಕಾಮೆಂಟ್ರಿಯವರ ತ್ಯಾಗವನ್ನು ಬೀದಿ ಮರೆಯುವುದಿಲ್ಲವೆಂದೂ, ನಾಳೆಯಿಂದ ಪ್ರತಿದಿನ ಬೆಳಗ್ಗೆ ಆರು ಗಂಟೆಗೆ ಬೀದಿಯ ಮಕ್ಕಳಿಗೆಲ್ಲ ಅವರೇ ಸೈಕಲ್ ಕಲಿಸಿಕೊಡುವರೆಂದು ಸಂಘ ಒಮ್ಮತದಿಂದ ತೀರ್ಮಾನಿಸಿದೆಯೆಂದೂ ಪ್ರಕಟಿಸಿದರು. ಜನ ಚಪ್ಪಾಳೆ ತಟ್ಟಿದರು.

ಕಾಮೆಂಟ್ರಿ ಧಡಕ್ಕನೆ ಎದ್ದು ಕೂತು, ಮೈಕಿನ ಕಡೆಗೆ ಕೈ ಚಾಚಿ ಬಾಯಿ ತೆರೆದ. ಹೆಂಡತಿ ಅವನ ಕೈ ಹಿಡಿದು ಕೂರಿಸಿ, ಗದ್ದಕ್ಕೆ ಪಟ್ಟಿ ಅಂಟಿಸಿದಳು.

"ಸುಮ್ನಿರಿ," ಎಂದಳು. "ಇವತ್ತು ಒಂದ್ಸಲ ನಿಜ ಹೇಳಿ ನೋಡಿದ್ರಲ್ಲ, ಸಾಕು."