ಕುಡಿಯದವನ ಕೇಸು

ಮಾಡಿದ ತಪ್ಪನ್ನು ಒಪ್ಪಿಕೊಳ್ಳುವುದು ಬಹಳ ಕಷ್ಟ ಎಂದು ದೊಡ್ಡವರು ಹೇಳುತ್ತಾರೆ. ಮಾಡದ ತಪ್ಪನ್ನು ಮಾಡಿಲ್ಲವೆಂದು ಊರಿಗೆ ನಂಬಿಸುವುದು ಎಷ್ಟು ಕಷ್ಟವೆಂದು ಮಾತ್ರ ಅವರು ಯಾರೂ ಹೇಳಿದ ಹಾಗಿಲ್ಲ. ಬಹುಶಃ ಅವರ ಮೇಲೆ ಕೇಸು ಬಿದ್ದಿರಲಿಕ್ಕಿಲ್ಲ. ನನ್ನ ಮೇಲೆ ಬಿತ್ತು, ಅದೂ ಕುಡಿದು ಗಾಡಿ ಓಡಿಸಿದ ಕೇಸು. ಐವತ್ತಾರು ವರ್ಷದಿಂದ ಈ ಗಂಟಲಿನಲ್ಲಿ ಚಹಾ, ಮಜ್ಜಿಗೆ ಮತ್ತು ಬಳ್ಳಾರಿಯ ನಲ್ಲಿ ನೀರು ಬಿಟ್ಟು ಬೇರೇನೂ ಇಳಿದದ್ದಿಲ್ಲ. ಉದ್ಯೋಗದಲ್ಲಿ ಕಾಲೇಜಿನ ಲೈಬ್ರರಿಯನ್. ಹುಡುಗರನ್ನು ಸುಮ್ಮನಿರಿಸುವುದಕ್ಕೇ ಸರ್ಕಾರ ನನಗೆ ಮೂವತ್ತು ವರ್ಷ ಸಂಬಳ ಕೊಟ್ಟಿದೆ. ಈಗ ಸಂಜೆ ಮನೆಗೆ ಹೋದರೆ ಅಲ್ಲಿಯೂ ಲೈಬ್ರರಿಯದೇ ಮೌನ. ಹೆಂಡತಿ ಗಿರಿಜಾ ಹೋಗಿ ನಾಲ್ಕು ವರ್ಷವಾಯಿತು. ನಮಗೆ ಮಕ್ಕಳಿಲ್ಲ. ಫ್ರಿಜ್ಜೊಂದು ಆಗಾಗ ಗೊರಗುಟ್ಟುತ್ತದೆ, ಅದನ್ನು ನಾನು ಗದರುವುದಿಲ್ಲ.

ಈ ಕೇಸಿನ ಬೇರು ನನ್ನ ಹೊಟ್ಟೆಯಲ್ಲಿದೆ. ಗಿರಿಜಾ ಇದ್ದಾಗಿನಿಂದಲೂ ನನಗೆ ಅಜೀರ್ಣ. ಆಕೆಯ ತವರು ಸಿರುಗುಪ್ಪ. ಅಲ್ಲಿನ ಪಂಡಿತರೊಬ್ಬರು ಮನೆಯಲ್ಲೇ ಕಾಸಿ, ಹುದುಗಿಸಿ, ದ್ರಾಕ್ಷಾರಿಷ್ಟ ಮಾಡುತ್ತಾರೆ. ಅವರದೊಂದು ಪದ್ಧತಿ: ಔಷಧಿ ಅವರದು, ಬಾಟಲಿ ನಮ್ಮದು. ಗಿರಿಜಾ ಹಳೆಯ ಶರಬತ್ತಿನ ಬಾಟಲಿಯನ್ನು ಬಿಸಿನೀರಿನಲ್ಲಿ ತೊಳೆದು ಒಯ್ಯುತ್ತಿದ್ದಳು. ಊಟವಾದ ಮೇಲೆ ಎರಡು ಮುಚ್ಚಳ ಔಷಧಿ, ಎರಡು ಮುಚ್ಚಳ ನೀರು ಅಳೆದು ಲೋಟ ಮುಂದಿಟ್ಟು, ನಾನು ನುಂಗುವವರೆಗೂ ಸೊಂಟದ ಮೇಲೆ ಕೈಯಿಟ್ಟು ನಿಂತಿರುತ್ತಿದ್ದಳು. ಆಕೆ ಹೋದ ಮೇಲೆ ಶರಬತ್ತಿನ ಬಾಟಲಿ ಒಡೆಯಿತು, ಮುಚ್ಚಳ ಎಲ್ಲೋ ಉರುಳಿತು. ನಾನು ಬ್ರೂಸ್‌ಪೇಟೆಯ ಗುಜರಿ ಅಂಗಡಿಯಲ್ಲಿ ಒಂದು ಚಪ್ಪಟೆ ಬಾಟಲಿ ಆರಿಸಿದೆ. ಸ್ಕೂಟರಿನ ಡಿಕ್ಕಿಯಲ್ಲಿ ಅಲುಗಾಡದೆ ಕೂರುತ್ತದೆಂದು ಹಿಗ್ಗಿದ್ದೂ ಉಂಟು. ಅದು ಯಾವ ಪದಾರ್ಥದ ಕ್ವಾರ್ಟರ್ ಬಾಟಲಿ ಎಂದು ಬಳ್ಳಾರಿಯ ಎಳೆಮಗುವಿಗೂ ಗೊತ್ತು. ಸಾವಿರಾರು ಪುಸ್ತಕ ಕಾಯುವ ನನಗೊಬ್ಬನಿಗೆ ಗೊತ್ತಿರಲಿಲ್ಲ. ತುಂಬಿಕೊಡುವಾಗ ಪಂಡಿತರು ನನ್ನ ಮುಖವನ್ನೊಮ್ಮೆ, ಬಾಟಲಿಯನ್ನೊಮ್ಮೆ ನೋಡಿದರು.

ಸೋಮವಾರ ಕಾಲೇಜು ಬೇಗ ಮುಗಿಸಿ ಕುರುಗೋಡಿನ ದೊಡ್ಡ ಬಸವಣ್ಣನ ದರ್ಶನಕ್ಕೆ ಹೋಗುವುದು ನಮ್ಮಿಬ್ಬರ ರೂಢಿಯಾಗಿತ್ತು, ಈಗ ನನ್ನೊಬ್ಬನದು. ಆವತ್ತು ಬರುವಾಗ ದಾರಿಯಲ್ಲಿ ಒಗ್ಗರಣೆ ಮಂಡಕ್ಕಿ ಮತ್ತು ನಾಲ್ಕು ಮಿರ್ಚಿ ಬಜ್ಜಿ ತಿಂದೆ. ಗಿರಿಜಾ ಇದ್ದಾಗ ಎರಡಕ್ಕೇ ತಟ್ಟೆ ಕಸಿಯುತ್ತಿದ್ದಳು. ಊರು ಹತ್ತಿರವಾಗುತ್ತಿದ್ದಂತೆ ಹೊಟ್ಟೆಯಲ್ಲಿ ಬೆಂಕಿ. ಸ್ಕೂಟರ್ ನಿಲ್ಲಿಸಿ, ಮುಚ್ಚಳದ ಲೆಕ್ಕ ಹಾಕುವವರಿಲ್ಲದ ಕಾರಣ ಬಾಟಲಿಯನ್ನೇ ಎತ್ತಿ ಗುಟುಗುಟು ನಾಲ್ಕು ಗುಟುಕು ಏರಿಸಿದೆ. ಎರಡು ನಿಮಿಷ ಗಾಡಿ ಓಡಿಸಿದ್ದೇನೋ ಇಲ್ಲವೋ, ಸರ್ಕಲ್ಲಿನಲ್ಲಿ ಪೊಲೀಸರು ಕೈ ತೋರಿಸಿದರು. ಎಳೆ ವಯಸ್ಸಿನ ಕಾನ್‌ಸ್ಟೇಬಲ್ ನನ್ನ ಹಣೆಯ ವಿಭೂತಿ ನೋಡಿ ಸಂಕೋಚದಿಂದಲೇ ಯಂತ್ರ ಮುಂದೆ ಹಿಡಿದ. ಶಂಖ ಊದುವವನ ಧೈರ್ಯದಲ್ಲಿ ಊದಿದೆ. ಯಂತ್ರ ಕಿರುಚಿತು; ಹುದುಗಿದ ಅರಿಷ್ಟದಲ್ಲಿ ತುಸು ಮದ್ಯಸಾರ ಇರುತ್ತದೆಂದು ನನಗೆ ತಿಳಿದದ್ದು ಆಮೇಲೆ. ಆತ ಡಿಕ್ಕಿ ತೆಗೆಸಿ, ಅರ್ಧ ಖಾಲಿಯಾದ ಕ್ವಾರ್ಟರ್ ಬಾಟಲಿಯನ್ನು ಬೆಳಕಿಗೆ ಹಿಡಿದು, ದುಃಖದಿಂದ ನನ್ನತ್ತ ನೋಡಿದ. ಔಷಧಿ ಎಂದೆ. ಎಲ್ಲರೂ ಹಾಗೇ ಹೇಳುತ್ತಾರೆ ಎಂದು ಸಮಾಧಾನವಾಗಿ ಬರೆದುಕೊಂಡ.

ವಕೀಲ ಪಂಪಾಪತಿ ನಮ್ಮ ಕಾಲೇಜಿನಲ್ಲೇ ಓದಿದವರು, ಲೈಬ್ರರಿಗೆ ಮಾತ್ರ ಬಂದವರಲ್ಲ. ತಪ್ಪು ಒಪ್ಪಿಕೊಂಡು ದಂಡ ಕಟ್ಟಿದರೆ ಒಂದೇ ದಿನದಲ್ಲಿ ಮುಗಿಯುತ್ತದೆ, ಎಲ್ಲರೂ ಅದನ್ನೇ ಮಾಡುತ್ತಾರೆ ಎಂದರು. ನಾನು ಒಪ್ಪಲಿಲ್ಲ. ಗಿರಿಜಾಳ ಗಂಡ ಕುಡುಕನೆಂದು ಕೋರ್ಟಿನ ಕಾಗದದಲ್ಲಿ ಉಳಿಯಬಾರದು, ನನಗೆ ಬೇಕಾದದ್ದು ಅಷ್ಟೇ. ಹಾಗಾದರೆ ಸಾಕ್ಷಿ ಬೇಕು ಎಂದು ಅವರು ಪೆನ್ನು ತೆಗೆದರು.

"ಆವತ್ತು ಗುಡಿಗೆ ಹೋಗಾಗ ಬರಾಗ ನಿಮ್ ಜೊತಿಗೆ ಯಾರಿದ್ರು ಸರ?"

"ಯಾರೂ ಇದ್ದಿಲ್ಲ."

"ಮನಿಗೆ ಹೋದ ಮ್ಯಾಲೆ ಯಾರನ್ನರ ಮಾತಾಡ್ಸಿದ್ರೇನ್ರಿ? ಫೋನರ?"

ಫೋನು ತೆಗೆದು ನೋಡಿದೆ. ಆ ಸಂಜೆ ನನ್ನನ್ನು ನೆನೆದದ್ದು ರೀಚಾರ್ಜ್ ಮುಗಿಯಿತೆನ್ನುವ ಕಂಪನಿ ಒಂದೇ.

"ಹೋಗ್ಲಿ ಬಿಡ್ರಿ, ಆ ವಾರದಾಗ? ನೀವು ಕುಡಿಯಾಂಗಿಲ್ಲ ಅಂತ ಹೇಳಾಕ, ನಿಮ್ಮನ್ನ ದಿನಾ ನೋಡೋರು ಒಬ್ರರ ಅದಾರೇನು?"

ದಿನಾ ನೋಡುತ್ತಿದ್ದವಳು ಗೋಡೆಯ ಮೇಲಿನ ಫೋಟೋದಲ್ಲಿದ್ದಾಳೆ, ಅವಳಿಗೆ ಸಮನ್ಸ್ ಕಳಿಸಲು ಬರುವುದಿಲ್ಲ. ಪಂಪಾಪತಿ ಪೆನ್ನಿನ ಟೊಪ್ಪಿಗೆ ಹಾಕಿದರು. ಮನುಷ್ಯ ಒಂಟಿ ಎನ್ನುವುದು ಅವನಿಗೆ ಗೊತ್ತೇ ಇರುತ್ತದೆ; ವಕೀಲರು ಕೇಳಿದಾಗ ಮಾತ್ರ ಅದು ಇಷ್ಟು ನಾಚಿಕೆಯ ವಿಷಯವಾಗುತ್ತದೆ.

ಸುದ್ದಿ ಓಣಿಯಲ್ಲಿ ಹಬ್ಬಿತು. ನಾಲ್ಕು ವರ್ಷ ನನ್ನ ಬಾಗಿಲಿಗೆ ಬಾರದವರೆಲ್ಲ ಬಂದರು. ಎದುರು ಮನೆಯ ರುದ್ರಮ್ಮ ರೊಟ್ಟಿ, ಬದನೆಕಾಯಿ ಪಲ್ಯ ತಂದು ಕಟ್ಟೆಯ ಮೇಲೆ ಕೂತರು. ನಾನು ಅರಿಷ್ಟದ ಕಥೆಯನ್ನು ಪಂಡಿತರಿಂದ ಹಿಡಿದು ಬಾಟಲಿಯವರೆಗೆ ವಿವರಿಸಿದೆ. ಅವರು ಪೂರಾ ಕೇಳಿ, ಸೆರಗಿನಿಂದ ಕಣ್ಣೊರೆಸಿಕೊಂಡು, "ಇರ್ಲಿ ಬಿಡಪಾ, ಹೆಂಡ್ತಿ ಹೋದ್ ಸಂಕಟ ಯಾರನ್ ಬಿಟ್ಟೈತಿ" ಎಂದರು. ಅವರು ಮಾತ್ರವಲ್ಲ, ಬಂದವರೆಲ್ಲರೂ ನನ್ನನ್ನು ಕ್ಷಮಿಸಿದರು. ನಂಬಿದವರು ಒಬ್ಬರೂ ಇಲ್ಲ. ಆ ರಾತ್ರಿ ರೊಟ್ಟಿ ಮುರಿಯುತ್ತಾ ನನಗೊಂದು ಕೆಟ್ಟ ಯೋಚನೆ ಬಂತು. ಹೆಂಡತಿ ಸತ್ತರೆ ಗಂಡಸು ಕುಡಿಯುವುದು ಸಹಜ ಎಂದು ಇಡೀ ಓಣಿಗೆ ಅನ್ನಿಸಿರುವಾಗ, ನಾಲ್ಕು ವರ್ಷ ಒಂದು ಹನಿಯೂ ಮುಟ್ಟದೆ ಅಜೀರ್ಣದ ಚಿಂತೆ ಮಾಡಿಕೊಂಡು ಕೂತ ನಾನು ಅವಳಿಗಾಗಿ ಸಾಕಷ್ಟು ದುಃಖಪಡಲಿಲ್ಲವೇನೋ? ಪಲ್ಯ ಮಾತ್ರ ಬಹಳ ಚೆನ್ನಾಗಿತ್ತು.

ಕೋರ್ಟಿಗೆ ಹೆದರುತ್ತಲೇ ಹೋದೆ. ಅಲ್ಲಿ ಬೆಂಚಿನ ಮೇಲೆ ನನ್ನ ಪಕ್ಕ ಕೂತವನು ಬಾದನಹಟ್ಟಿಯ ಯಂಕಣ್ಣ, ಟ್ರ್ಯಾಕ್ಟರ್ ಡ್ರೈವರ್, ಅದೇ ಕೇಸು. ಅವನು ನಿಜವಾಗಿಯೂ ಕುಡಿದಿದ್ದ, ಅದನ್ನು ಮುಚ್ಚಿಡುವ ಮನುಷ್ಯನೂ ಅಲ್ಲ. ಹಾಗಾದರೆ ಒಪ್ಪಿಕೊಳ್ಳಬಾರದೇ ಎಂದರೆ, ಲೈಸೆನ್ಸ್ ಹೋದರೆ ಹೊಟ್ಟೆಗೇನು ಮಾಡಲಿ ಎಂದ. ನನ್ನ ಕಥೆ ಕೇಳಿ ಹೊಟ್ಟೆ ಹಿಡಿದು ನಕ್ಕ. ನಕ್ಕು ಮುಗಿದ ಮೇಲೆ ನಂಬಿದ. ಕುಡಿದವರ ಮುಖ ತನಗೆ ಗೊತ್ತು, ನನ್ನದು ಅಲ್ಲ ಎಂದ. ಇಡೀ ಜಿಲ್ಲೆಯಲ್ಲಿ ನನ್ನನ್ನು ನಂಬಿದ ಒಬ್ಬನೇ ಮನುಷ್ಯ ಅವನು. ಅಷ್ಟರಲ್ಲಿ ಒಳಗಿನಿಂದ ಬಂದ ಜವಾನ ಬಾಗಿಲಲ್ಲಿ ನಿಂತು ಮೂರು ಸಲ ಕೂಗಿದ: "ಚನ್ನಬಸಪ್ಪಾ, ತಂದೆ ವೀರಭದ್ರಪ್ಪಾ!"

ಅದು ನನ್ನದೇ ಹೆಸರು. ಎದ್ದು ನಿಂತೆ. ಕಾಲೇಜಿನಲ್ಲಿ ನಾನು ಲೈಬ್ರರಿ ಸರ್. ಗಿರಿಜಾ ಮದುವೆಯಲ್ಲಿ ಒಡಪು ಹೇಳುವಾಗ ಒಮ್ಮೆ ನನ್ನ ಹೆಸರೆತ್ತಿದ್ದು ಬಿಟ್ಟರೆ ಕೊನೆಯವರೆಗೂ "ಇಲ್ ನೋಡ್ರಿ" ಎಂದೇ ಕರೆದಳು. ಅಪ್ಪ ಅವ್ವ ಹೋದ ಮೇಲೆ ನನ್ನ ಹೆಸರನ್ನು ಯಾರಾದರೂ ಇಷ್ಟು ಗಟ್ಟಿಯಾಗಿ ಕೂಗಿ ಕರೆದದ್ದೇ ನೆನಪಿಲ್ಲ. ಕಣ್ಣು ತುಂಬಿ ಬಂತು. ಒಳಗೆ ಜಡ್ಜ್ ಸಾಹೇಬರು ಅದನ್ನು ಪಶ್ಚಾತ್ತಾಪವೆಂದುಕೊಂಡರೋ ಏನೋ, ಮೆತ್ತಗೆ ಮುಂದಿನ ತಾರೀಖು ಕೊಟ್ಟರು.

ಆಮೇಲೆ ತಾರೀಖಿಗಾಗಿ ಕಾಯತೊಡಗಿದೆ. ಇಸ್ತ್ರಿ ಅಂಗಿ ಹಾಕಿಕೊಂಡು ಒಗ್ಗರಣೆ ಮಂಡಕ್ಕಿ, ಮಿರ್ಚಿಯ ಎರಡು ಪೊಟ್ಟಣ ಕಟ್ಟಿಸಿಕೊಂಡು ಹೋಗುತ್ತಿದ್ದೆ. ಯಂಕಣ್ಣ ನನ್ನ ಪಾಲಿನ ಮಿರ್ಚಿ ಎಣಿಸಿ, ಎರಡರ ಮೇಲೆ ಇದ್ದರೆ ತಾನೇ ತಿನ್ನುತ್ತಿದ್ದ. ಪಂಪಾಪತಿ ಒಂದು ದಿನ ಈ ಸಲವೇ ಮುಗಿಸಿಬಿಡೋಣವೆಂದಾಗ ಅವಸರವೇನೂ ಇಲ್ಲ ಎಂದುಬಿಟ್ಟೆ. ಇಷ್ಟು ವರ್ಷದ ವಕೀಲಿಯಲ್ಲಿ ಆ ಮಾತನ್ನು ಅವರು ಆರೋಪಿಯ ಬಾಯಲ್ಲಿ ಕೇಳಿರಲಿಲ್ಲವಂತೆ.

ನನಗೆ ಸಾಕ್ಷಿಯಿಲ್ಲದ ಸಂಗತಿ ಯಂಕಣ್ಣನಿಗೆ ತಿಳಿದಾಗ ಅವನು ಸುಮ್ಮನೆ ಕೂರಲಿಲ್ಲ. "ನಾ ಹೇಳ್ತೀನ್ರಿ ಸರ. ಆವತ್ತು ಸಂಜಿತನ ನನ್ ಜೊತಿಗೇ ಇದ್ರು, ಒಂದ್ ಹನಿ ಮುಟ್ಟಿಲ್ಲಂತ." ಆ ಸಂಜೆ ನೀನೆಲ್ಲಿದ್ದೆ ಎಂದು ಕೇಳಿದರೆ ಏನು ಹೇಳುತ್ತೀ ಎಂದೆ. ಬ್ರಾಂಡಿ ಅಂಗಡಿಯಲ್ಲಿ ಎಂದ, ಪ್ರಾಮಾಣಿಕವಾಗಿ. ಸುಳ್ಳು ಸಾಕ್ಷಿ ಬೇಡವೆಂದು ಕೈ ಮುಗಿದೆ, ಆದರೆ ಆ ಮಾತು ಎದೆಯಲ್ಲಿ ಉಳಿಯಿತು.

ಕೊನೆಗೆ ಸಾಕ್ಷಿಯೇ ಬೇಕಾಗಲಿಲ್ಲ. ಊದುವ ಯಂತ್ರ ಸರಿಯಿದೆ ಎನ್ನುವ ಕಾಗದ ಸಿಗಲಿಲ್ಲ, ನನ್ನ ರಕ್ತ ಪರೀಕ್ಷೆಯೂ ಆಗಿರಲಿಲ್ಲ. ಸಂಶಯದ ಲಾಭ ಕೊಟ್ಟು ಖುಲಾಸೆ ಮಾಡಿದರು. ಲಾಭ ನನಗೆ ಬಂತು, ಸಂಶಯ ಓಣಿಯಲ್ಲೇ ಉಳಿಯಿತು. ಆದರೂ ಫೋಟೋದ ಮುಂದೆ ನಿಂತು, ಕಾಗದದಲ್ಲಿ ಅಂಥದ್ದೇನೂ ಉಳಿಯಲಿಲ್ಲವೆಂದು ಗಿರಿಜಾಳಿಗೆ ವರದಿ ಒಪ್ಪಿಸಿದೆ. ಕೆಲವು ದಿನಗಳಲ್ಲಿ ಯಂಕಣ್ಣನೂ, ದುಡಿಮೆ ಬಿಟ್ಟು ತಾರೀಖಿಗೆ ಅಲೆದು ಸಾಕಾಗಿ, ತಪ್ಪು ಒಪ್ಪಿಕೊಂಡು ದಂಡ ಕಟ್ಟಿ ಊರು ಸೇರಿದ. ಕೇಸು ಮುಗಿದ ಮೇಲೆ ರುದ್ರಮ್ಮನ ರೊಟ್ಟಿಯೂ ನಿಂತಿತು. ಮನೆಯಲ್ಲಿ ಮತ್ತೆ ಫ್ರಿಜ್ಜೊಂದೇ ಮಾತಾಡುತ್ತದೆ. ಈಗ ಹೊಸ ಶರಬತ್ತಿನ ಬಾಟಲಿ ತಂದಿದ್ದೇನೆ, ಎರಡು ಮುಚ್ಚಳ ನಾನೇ ಅಳೆದುಕೊಳ್ಳುತ್ತೇನೆ.

ಮೊನ್ನೆ ಸೋಮವಾರ ಕುರುಗೋಡಿನಿಂದ ಬರುವಾಗ ಅದೇ ಸರ್ಕಲ್ಲಿನಲ್ಲಿ ಅದೇ ಕಾನ್‌ಸ್ಟೇಬಲ್ ಗಾಡಿಗಳನ್ನು ತಡೆಯುತ್ತಿದ್ದ. ನಾನಾಗಿಯೇ ಸ್ಕೂಟರ್ ನಿಧಾನ ಮಾಡಿದೆ. ಆತ ಗುರುತು ಹಿಡಿದು ಕೇಸು ಏನಾಯಿತೆಂದು ಕೇಳಿದ. ಖುಲಾಸೆ ಎಂದೆ. ಛಲೋ ಆಯಿತು, ಹೋಗಿಬನ್ನಿ ಎಂದು ಕೈ ಬೀಸಿ ಹಿಂದಿನ ಗಾಡಿಯತ್ತ ತಿರುಗಿದ. ನನಗೆ ಹೋಗಲು ಮನಸ್ಸಾಗಲಿಲ್ಲ. ಹೋದರೆ ಮನೆ ತಾನೇ.

"ಬಂದೀನಲ್ಲ, ಒಂದ್ ಸಲ ಊದಿ ಹೋಗ್ಲೇನ್ರಿ?" ಎಂದೆ.

ಆತ ಗಕ್ಕನೆ ನಿಂತ. ವಾಪಸು ಬಂದು ಬಗ್ಗಿ ನನ್ನ ಮುಖವನ್ನು ಬಹಳ ಹೊತ್ತು ನೋಡಿದ. ಈ ಸಲ, ಯಂತ್ರ ಊದಿಸದೆಯೇ, ನಾನು ನಿಜವಾಗಿಯೂ ಕುಡಿದಿದ್ದೇನೆಂದು ಅವನಿಗೆ ಖಾತ್ರಿಯಾದಂತಿತ್ತು.